ಎಡಗಡೆಯ ಮುಂದಿನ ಚಕ್ರ

ಆ ಜೀಪಿನ ಎಡಗಡೆಯ ಮುಂದಿನ ಚಕ್ರವನ್ನು ಬಿಚ್ಚಿ ಕಟ್ಟಿದವನು ನಾನು. ಈ ಒಂದು ಮಾತನ್ನು ಬಾಯಿಬಿಟ್ಟು ಹೇಳಲು ನನಗೆ ಹನ್ನೊಂದು ವರ್ಷ ಹಿಡಿಯಿತು. ಈಗ ಹೇಳಿಯಾಗಿದೆ. ಯಾರಿಗೆ ಹೇಳಬೇಕಿತ್ತೋ ಆ ಇಬ್ಬರಿಗೂ ಮುಖ ನೋಡಿಯೇ ಹೇಳಿದ್ದೇನೆ. ಅದಕ್ಕೇ ಬರೆಯುವ ಧೈರ್ಯ ಬಂದಿದೆ. ಮೊದಲೇ ಬರೆಯಲು ಕೂತಿದ್ದರೆ ಕಾಗದದ ಮೇಲೂ ಸುಳ್ಳನ್ನೇ ಬರೆಯುತ್ತಿದ್ದೆ ಎಂದು ಕಾಣುತ್ತದೆ.

ಮಡಂತ್ಯಾರಿನಲ್ಲಿ ರಸ್ತೆ ಬದಿಗೆ ನಮ್ಮದೊಂದು ಗ್ಯಾರೇಜು ಇತ್ತು. ನಮ್ಮದು ಎಂದರೆ ನನ್ನದು ಮತ್ತು ನನ್ನ ಜೊತೆಗಾರನದು. ಒಂದೇ ವಯಸ್ಸಿನವರು, ಒಂದೇ ಕಡೆ ಕೆಲಸ ಕಲಿತವರು. ನಾನು ಹತ್ತನೇ ತರಗತಿ ಪಾಸಾದವನು, ಅವನು ಐದಕ್ಕೆ ಶಾಲೆ ಬಿಟ್ಟವನು. ಆದ್ದರಿಂದ ಗಿರಾಕಿಗಳ ಹತ್ತಿರ ಮಾತಾಡುವುದು ನನ್ನ ಪಾಲಿಗೆ ಬಂತು. ಕೆಲಸದಲ್ಲಿ ಅವನೇ ಮೇಲು. ಅದು ನಮ್ಮಿಬ್ಬರಿಗೂ ಗೊತ್ತಿತ್ತು, ಗಿರಾಕಿಗಳಿಗೆ ಗೊತ್ತಿರಲಿಲ್ಲ. ಮಾತಾಡುವವನನ್ನೇ ಜನ ದೊಡ್ಡ ಮೆಕ್ಯಾನಿಕ್ ಎಂದು ತಿಳಿಯುತ್ತಾರೆ.

ಗಾಡಿ ಬಂದರೆ ಎಡಬದಿ ನನಗೆ, ಬಲಬದಿ ಅವನಿಗೆ. ನಮ್ಮ ಶೆಡ್ಡಿನ ಎಡಗೋಡೆ ಗಾಡಿಗೆ ತೀರಾ ಹತ್ತಿರ. ನಾನು ಎಡಚ, ನನ್ನ ಕೈ ಮಾತ್ರ ಆ ಇಕ್ಕಟ್ಟಿನಲ್ಲಿ ಆಡುತ್ತಿತ್ತು. ಬಿಚ್ಚಿದವನೇ ಕಟ್ಟಬೇಕು, ಅದು ನಮ್ಮ ಕಟ್ಟಳೆ. ಕಟ್ಟಿದ ಮೇಲೆ ಇನ್ನೊಬ್ಬ ಬಂದು ಚಕ್ರವನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲುಗಿಸಿ ನೋಡಬೇಕು. ಅವನು ಸರಿ ಎಂದ ಮೇಲೆಯೇ ಜಾಕ್ ಇಳಿಸುವುದು. ಇಪ್ಪತ್ತು ವರ್ಷ ಹೀಗೆಯೇ ನಡೆಯಿತು.

ಬೆಳುವಾಯಿಯ ಒಬ್ಬ ಜೈನ ಜಮೀನ್ದಾರರ ಹತ್ತಿರ ಹಳೆಯ ಜೀಪು ಒಂದಿತ್ತು. ನಾಲ್ಕೂ ಚಕ್ರ ಎಳೆಯುವಂಥದ್ದು. ಅವರ ಮನೆಗೆ ಹೋಗುವ ಏರು ಹಾಗಿದೆ, ಬೇರೆ ಗಾಡಿ ಭತ್ತದ ಮೂಟೆ ಹೇರಿಕೊಂಡು ಹತ್ತುವುದಿಲ್ಲ. ನಾವು ಅವರನ್ನು ಧಣಿಗಳು ಎಂದೇ ಕರೆಯುತ್ತಿದ್ದೆವು. ಮೂಡಬಿದ್ರೆಯಲ್ಲಿ ಗ್ಯಾರೇಜುಗಳಿದ್ದರೂ ಅವರು ನಮ್ಮಲ್ಲಿಗೇ ಬರುತ್ತಿದ್ದರು. ಒಮ್ಮೆ ಮುಂದಿನ ಎರಡು ಚಕ್ರಗಳ ಬೇರಿಂಗ್ ಹಾಕಿಸಲು ಜೀಪನ್ನು ನಮ್ಮಲ್ಲಿ ಬಿಟ್ಟುಹೋದರು.

ಓದುವವರಿಗೆ ಸ್ವಲ್ಪ ವಿವರ ಬೇಕು. ಇಂಥ ಜೀಪಿನ ಮುಂದಿನ ಒಂದೊಂದು ಚಕ್ರದ ಗುಂಬದಲ್ಲಿ, ಎಂದರೆ ನಡುವಿನ ಹಬ್ಬಿನಲ್ಲಿ, ಎರಡು ಬೇರಿಂಗ್ ಇರುತ್ತವೆ, ಒಳಗೊಂದು ಹೊರಗೊಂದು. ಅವುಗಳನ್ನು ಹಿಡಿದಿಡುವುದು ಒಂದು ದೊಡ್ಡ ನಟ್ಟು. ಚಕ್ರ ಬಿಗಿಯುವ ತನಕ ಆ ನಟ್ಟನ್ನು ತಿರುಗಿಸಿ, ಆಮೇಲೆ ಒಂದಿಷ್ಟೇ ಹಿಂದಕ್ಕೆ ಬಿಡಬೇಕು. ಹೆಚ್ಚು ಬಿಗಿಯಾದರೆ ಬೇರಿಂಗ್ ಸುಡುತ್ತದೆ, ಸಡಿಲವಾದರೆ ಚಕ್ರ ನಡುಗುತ್ತದೆ. ಸರಿಯಾದ ಜಾಗ ಎರಡರ ನಡುವೆ ಕೂದಲೆಳೆಯಷ್ಟು. ಆ ಜಾಗದಿಂದ ನಟ್ಟು ಕದಲದ ಹಾಗೆ ಅದರ ಮೇಲೆ ಕಿವಿಗಳಿರುವ ಒಂದು ತೆಳು ವಾಷರ್ ಇಟ್ಟು, ಇನ್ನೊಂದು ನಟ್ಟು ಹಾಕಿ, ವಾಷರಿನ ಕಿವಿಯನ್ನು ನಟ್ಟಿನ ಮೇಲೆ ಮಡಚಬೇಕು. ಕಿವಿ ಮುರಿದಿದ್ದರೆ ಹೊಸ ವಾಷರ್ ತರಬೇಕು. ಬೇರೆ ದಾರಿ ಇಲ್ಲ.

ನನ್ನ ಬದಿಯ ವಾಷರಿನ ಕಿವಿಗಳು ಮುರಿದಿದ್ದವು. ಹೊಸದು ಸಿಗಬೇಕಾದರೆ ಬಂಟ್ವಾಳಕ್ಕೆ ಹೋಗಬೇಕು, ಹೋಗಿ ಬರುವಾಗ ಸಂಜೆ. ನನಗೆ ಅಷ್ಟು ಹೊತ್ತು ಇರಲಿಲ್ಲ. ಏಕೆ ಎಂಬುದೇ ನನ್ನ ನಾಚಿಕೆ. ಆ ಮಧ್ಯಾಹ್ನ ಬೆಳ್ತಂಗಡಿ ಕಡೆಯ ಒಂದು ಗದ್ದೆಯಲ್ಲಿ ಕೋಳಿ ಅಂಕ ಇತ್ತು. ಹುಂಜಗಳ ಕಾಲಿಗೆ ಸಣ್ಣ ಕತ್ತಿ ಕಟ್ಟಿ ಕಾದಾಡಲು ಬಿಡುವ ಆಟ ಅದು. ಪೊಲೀಸರಿಗೆ ತಿಳಿಯಬಾರದೆಂದು ಜಾಗವನ್ನು ಕೊನೆಯ ಗಳಿಗೆಯಲ್ಲಿ ಫೋನ್ ಮಾಡಿ ಹೇಳುತ್ತಾರೆ. ಫೋನ್ ಬಂದಿತ್ತು. ಗ್ಯಾರೇಜಿನ ಹಿಂದೆ ಕಟ್ಟಿಹಾಕಿದ್ದ ನನ್ನ ಕೆಂಪು ಹುಂಜ ಕೂಗುತ್ತಿತ್ತು.

ನಟ್ಟಿಗೆ ಹಾಕುವ ಬಾಕ್ಸ್ ಸ್ಪಾನರ್ ನಮ್ಮಲ್ಲಿ ಒಂದೇ ಇದ್ದದ್ದು, ಅದು ಅವನ ಕೈಯಲ್ಲಿತ್ತು. ಕಾಯುವ ತಾಳ್ಮೆಯೂ ಇರಲಿಲ್ಲ. ಹಳೆಯ ವಾಷರನ್ನೇ ಇಟ್ಟೆ. ನಟ್ಟನ್ನು ಉಳಿ ಸುತ್ತಿಗೆಯಿಂದ ತಟ್ಟಿ ತಿರುಗಿಸಿದೆ. ಮುಚ್ಚಳ ಹಾಕಿ, ಚಕ್ರ ಏರಿಸಿ, ಕೈ ತೊಳೆದೆ.

“ನಿನ್ನದು ಆಯ್ತಾ?” ಎಂದು ಆ ಬದಿಯಿಂದ ಕೇಳಿದ.

“ಆಯ್ತು.”

“ನಿಲ್ಲು, ಅಲುಗಿಸಿ ನೋಡ್ತೇನೆ.”

“ನಾನೇ ನೋಡಿದ್ದೇನೆ ಮಾರಾಯ. ಜಾಕ್ ಇಳಿಸು.”

“ಕೋಳಿಗೆ ಅಷ್ಟು ಅರ್ಜೆಂಟಾ?”

“ಅಲ್ಲಿ ಎದುರಿನ ಕೋಳಿ ಕಾಯ್ತಾ ಉಂಟು.”

“ಹಾಗಾದ್ರೆ ಓಡು. ಗೆದ್ದರೆ ಸತ್ತ ಕೋಳಿಯ ಒಂದು ಕಾಲು ನನಗೆ.”

ಅವನ ಚಕ್ರವನ್ನು ಮಾತ್ರ ನಾನು ಕಟ್ಟಳೆಯಂತೆ ಅಲುಗಿಸಿ ನೋಡಿಯೇ ಹೊರಟೆ. ಕಲ್ಲಿನ ಹಾಗಿತ್ತು. ತಿರುಗಿಸಿದರೆ ಸದ್ದಿಲ್ಲದೆ ತಿರುಗುತ್ತಿತ್ತು. ಅವನು ವಾಷರಿನ ಕಿವಿ ಮಡಚಿದ್ದನ್ನೂ ನಾನು ಕಣ್ಣಾರೆ ಕಂಡಿದ್ದೆ.

ಹತ್ತು ದಿನ ಕಳೆದಿರಬೇಕು. ಧಣಿಗಳು ಮನೆಯ ಏರಿನಿಂದ ಇಳಿಯುವಾಗ ಎಡಗಡೆಯ ಮುಂದಿನ ಚಕ್ರ ವಾಲಿ, ಜೀಪು ರಸ್ತೆ ಬಿಟ್ಟು ಗದ್ದೆಗೆ ಹಾರಿತು. ಭತ್ತದ ನೇಜಿ ನೆಡಲೆಂದು ಉತ್ತು ನೀರು ನಿಲ್ಲಿಸಿದ್ದ ಗದ್ದೆ, ಕೆಸರು ಮೆತ್ತಗಿತ್ತು. ಅದೇ ಅವರ ಜೀವ ಉಳಿಸಿದ್ದು. ಬಲಗೈ ಎರಡು ಕಡೆ ಮುರಿಯಿತು.

ಕೈಯನ್ನು ಕುತ್ತಿಗೆಗೆ ಕಟ್ಟಿಕೊಂಡು ಅವರು ಆಟೋದಲ್ಲಿ ಗ್ಯಾರೇಜಿಗೆ ಬಂದರು. ಜೀಪನ್ನು ಮೂಡಬಿದ್ರೆಯಲ್ಲೇ ರಿಪೇರಿಗೆ ಕೊಟ್ಟಿದ್ದರು. ನನ್ನ ಜೊತೆಗಾರ ಆಗ ಸಾಮಾನು ತರಲು ಬಂಟ್ವಾಳಕ್ಕೆ ಹೋಗಿದ್ದ. ಧಣಿಗಳು ಜೋರು ಮಾಡಲಿಲ್ಲ. ಆಟೋದಿಂದ ಇಳಿಯಲೂ ಇಲ್ಲ.

“ಎಡದ ಚಕ್ರ ಹಾಕಿದ್ದು ಯಾರು?”

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಯೋಚಿಸಿದ್ದರೆ ಬಾಯಿಗೆ ಬೇರೆ ಮಾತು ಬರುತ್ತಿತ್ತೋ ಏನೋ. “ಅವನು” ಎಂದೆ.

“ಇನ್ನು ಅವನ ಕೈಯಲ್ಲಿ ನನ್ನ ಗಾಡಿ ಮುಟ್ಟಿಸಬೇಡಿ” ಎಂದು ಹೇಳಿ ಹೋದರು.

ಜೀಪು ಇಟ್ಟುಕೊಂಡವರು ಒಬ್ಬರಿಗೊಬ್ಬರು ಗುರುತಿನವರು. ಮಾತು ಹಬ್ಬಿತು. ಬಂದವರೆಲ್ಲ ನನ್ನನ್ನು ಪಕ್ಕಕ್ಕೆ ಕರೆದು, ನೀವೇ ಮಾಡಿ ಆಯ್ತಾ ಎನ್ನತೊಡಗಿದರು. ಒಂದು ದಿನ ಅವನೇ ಕೇಳಿದ.

“ಧಣಿಗಳ ಜೀಪಿನದ್ದು ಯಾವ ಚಕ್ರ ಮಾರಾಯ ಹೋದದ್ದು?”

ಎಡದ್ದು ಎಂದರೆ ನಾನು ಸಿಕ್ಕಿಬೀಳುತ್ತಿದ್ದೆ. “ಬಲದ್ದಂತೆ” ಎಂದೆ.

ಅವನು ಕೈಯಲ್ಲಿದ್ದ ಸ್ಪಾನರನ್ನು ಕೆಳಗಿಟ್ಟ. ಆಮೇಲೆ, “ನಾನು ವಾಷರಿನ ಕಿವಿ ಮಡಚಿದ್ದೆ ಅಲ್ವಾ? ನೀನು ನೋಡಿದ್ದೀ ಅಲ್ವಾ?” ಎಂದು ಕೇಳಿದ.

“ನೆನಪಿಲ್ಲ” ಎಂದೆ.

ನಾನು ಮಾಡಿದ ಪಾಪಗಳಲ್ಲಿ ಯಾವುದು ದೊಡ್ಡದು ಎಂದು ಕೇಳಿದರೆ ಈ ಒಂದು ಪದವನ್ನೇ ತೋರಿಸುತ್ತೇನೆ. ಧಣಿಗಳಿಗೆ ಹೇಳಿದ ಸುಳ್ಳು ಹೆದರಿಕೆಯಲ್ಲಿ ಬಂದದ್ದು. ಇದು ಹಾಗಲ್ಲ.

ಆ ಮೇಲೆ ಅವನು ಒಂದೇ ಚಕ್ರವನ್ನು ಮೂರು ಸಲ ಬಿಚ್ಚಿ ಕಟ್ಟಲು ಶುರು ಮಾಡಿದ. ಕಟ್ಟಿ ಕಳಿಸಿದ ಗಾಡಿಯ ಹಿಂದೆ ರಸ್ತೆಯ ತನಕ ಹೋಗಿ ನಿಂತು ನೋಡುತ್ತಿದ್ದ. ವರ್ಷ ತುಂಬುವ ಮೊದಲು, ನನ್ನ ಕೈ ಇನ್ನು ಈ ಕೆಲಸಕ್ಕೆ ಆಗುವುದಿಲ್ಲ ಎಂದು ಹೇಳಿ ಬಿಟ್ಟುಹೋದ. ಕಲ್ಲಡ್ಕದಲ್ಲಿ ಹೆದ್ದಾರಿ ಬದಿಗೆ ಪಂಕ್ಚರ್ ಅಂಗಡಿ ಹಾಕಿದ. ಚಕ್ರ ಕಳಚುತ್ತಾನೆ, ಟ್ಯೂಬಿಗೆ ಪ್ಯಾಚು ಹಾಕುತ್ತಾನೆ, ಗುಂಬದ ಒಳಗೆ ಮಾತ್ರ ಕೈ ಹಾಕುವುದಿಲ್ಲ ಎಂದು ಯಾರೋ ಹೇಳಿದರು. ಈ ಸೀಮೆಯಲ್ಲಿ ಆ ಕೆಲಸಕ್ಕೆ ಅವನಂಥ ಕೈ ಇನ್ನೊಂದು ಇರಲಿಲ್ಲ. ನಾನು ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವಾಗ ಇನ್ನೊಂದು ಬದಿಯ ಕಿಟಕಿಗೆ ಕೂರುತ್ತಿದ್ದೆ.

ಮೊಣಕಾಲು ಹೋಗಿ ನಾನೂ ಗ್ಯಾರೇಜು ಮುಚ್ಚಿದೆ. ಧಣಿಗಳು ವಯಸ್ಸಾಗಿ ತೀರಿಕೊಂಡರು. ಇನ್ನು ಯಾರಿಗೆ ಏನು ಹೇಳುವುದು ಎಂದು ಸಮಾಧಾನ ಮಾಡಿಕೊಂಡಿದ್ದೆ. ಕಳೆದ ವರ್ಷ ಮಳೆ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಧಣಿಗಳ ಹೆಂಡತಿ ಫೋನ್ ಮಾಡಿದರು. ಈಗ ಜೀಪು ಓಡಿಸುವವರು ಅವರೇ.

“ಮುಂದಿನ ಚಕ್ರದಲ್ಲಿ ಗೊಂಯ್ ಅಂತ ಶಬ್ದ ಬರ್ತಾ ಉಂಟು ಮಾರಾಯರೇ. ಮೂಡಬಿದ್ರೆಯವರು ಬೇರಿಂಗ್ ಅಂತಾರೆ. ನಮ್ಮವರು ಯಾವಾಗ್ಲೂ ನಿಮ್ಮನ್ನೇ ಹೇಳ್ತಿದ್ದರು. ಒಮ್ಮೆ ಬಂದು ಹಾಕಿ ಕೊಡ್ಲಿಕ್ಕೆ ಆಗ್ತದಾ?”

“ನನ್ನೊಬ್ಬನಿಂದ ಆಗುವುದಿಲ್ಲ ಅಕ್ಕ, ಕಾಲು ಸರಿ ಇಲ್ಲ.”

“ಯಾರನ್ನಾದ್ರೂ ಕರ್ಕೊಂಡು ಬನ್ನಿ. ಆದ್ರೆ ಆ ನಿಮ್ಮ ಜೊತೆಯವರು ಮಾತ್ರ ಬೇಡ. ಇವರ ಕೈ ಮುರಿದದ್ದು ನೆನಪಾಗ್ತದೆ.”

ಫೋನ್ ಇಟ್ಟ ಮೇಲೆ ನನಗೆ ತಿಂಡಿ ಇಳಿಯಲಿಲ್ಲ. ಹನ್ನೊಂದು ವರ್ಷದ ಹಿಂದೆ ಆಡಿದ ಸುಳ್ಳು ಕೇಳಿಸಿಕೊಂಡವರು ಹೋದ ಮೇಲೂ ಕೆಲಸ ಮಾಡುತ್ತಲೇ ಇತ್ತು. ಇನ್ನೊಬ್ಬರ ಬಾಯಲ್ಲಿ, ಅಷ್ಟು ಸಾಧುವಾದ ದನಿಯಲ್ಲಿ. ಅಂಗಿ ಹಾಕಿಕೊಂಡು ಕಲ್ಲಡ್ಕದ ಬಸ್ಸು ಹತ್ತಿದೆ.

ಅವನು ಅಂಗಡಿಯಲ್ಲಿ ನೀರಿನ ತೊಟ್ಟಿಯ ಮುಂದೆ ಕೂತು ಟ್ಯೂಬು ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು.

“ಓ, ದೊಡ್ಡವರು! ದಾರಿ ತಪ್ಪಿತಾ?”

ಕೂರುವ ಮೊದಲೇ ಹೇಳಿಬಿಟ್ಟೆ. ಕೂತರೆ ಹೇಳಲಾರೆ ಎಂದು ಗೊತ್ತಿತ್ತು. ಹೋದದ್ದು ಎಡದ ಚಕ್ರ, ನಾನು ಕಟ್ಟಿದ್ದು. ಮುರಿದ ವಾಷರ್ ಇಟ್ಟದ್ದು, ಉಳಿಯಲ್ಲಿ ತಟ್ಟಿದ್ದು, ಧಣಿಗಳ ಹತ್ತಿರ ಅವನ ಹೆಸರು ಹೇಳಿದ್ದು, ಅವನ ಹತ್ತಿರ ಬಲ ಎಂದದ್ದು, ನೆನಪಿಲ್ಲ ಎಂದದ್ದು. ಎಲ್ಲ.

ಅವನು ಟ್ಯೂಬಿನಿಂದ ಕೈ ತೆಗೆಯಲಿಲ್ಲ. ಗುಳ್ಳೆ ಬರುತ್ತಲೇ ಇತ್ತು.

“ಹಾಗಾದ್ರೆ ಬಲದ್ದು?” ಎಂದು ಕೇಳಿದ.

“ಬಲದ್ದಕ್ಕೆ ಏನೂ ಆಗಿರಲಿಲ್ಲ.”

“ನೀನು ಅಲುಗಿಸಿ ನೋಡಿದ್ದೆಯಾ?”

“ನೋಡಿದ್ದೆ. ಕಲ್ಲಿನ ಹಾಗಿತ್ತು. ಕಿವಿ ಮಡಚಿದ್ದೂ ನೋಡಿದ್ದೆ.”

“ಇನ್ನೊಮ್ಮೆ ಹೇಳು.”

ಇನ್ನೊಮ್ಮೆ ಹೇಳಿದೆ. ಅವನು ಎದ್ದು, ಕೈ ಒರೆಸಿಕೊಂಡು, ಅಂಗಡಿಯ ಹೊರಗೆ ಹೋಗಿ ಹೆದ್ದಾರಿಯ ಕಡೆ ಮುಖ ಮಾಡಿ ನಿಂತ. ಲಾರಿಗಳು ಹೋಗುತ್ತಿದ್ದವು. ಹೊಡೆಯಲು ಬಂದರೆ ಹೊಡೆಸಿಕೊಳ್ಳುವುದು ಎಂದು ನಾನು ನಿಶ್ಚಯ ಮಾಡಿಯೇ ಬಂದಿದ್ದೆ. ಅವನು ತಿರುಗಿ ಬಂದು ಹೇಳಿದ್ದು ಇಷ್ಟು:

“ಮಲಗಿದಲ್ಲೇ ಆ ನಟ್ಟನ್ನು ಎಷ್ಟು ಸಲ ತಿರುಗಿಸಿದ್ದೇನೆ ಗೊತ್ತುಂಟಾ ನಿನಗೆ? ಎಲ್ಲಿ ತಪ್ಪಿತು, ಎಲ್ಲಿ ತಪ್ಪಿತು ಅಂತ. ಹೆಂಡತಿಗೆ ಹುಚ್ಚು ಹಿಡಿಯುವುದು ಬಾಕಿ.”

“ತಪ್ಪಾಯ್ತು ಮಾರಾಯ.”

“ಅದು ಗೊತ್ತಾಯ್ತು. ನನಗೆ ಹೇಳಿದ್ದು ಸಾಲದು. ಆ ಅಕ್ಕನಿಗೆ ಹೇಳು. ನಾನು ಎದುರಲ್ಲಿ ಇರಬೇಕು.”

“ಅದಕ್ಕೇ ಬಂದದ್ದು. ನಾಳೆ ಹೋಗುವ.”

“ನಾಳೆ ನಿನ್ನ ಮನಸ್ಸು ತಿರುಗ್ತದೆ. ಈಗ ಹೋಗುವ.”

ಬಂಟ್ವಾಳದಲ್ಲಿ ಇಳಿದು ಸಾಮಾನು ತೆಗೆದುಕೊಂಡೆವು. ನಾಲ್ಕು ಬೇರಿಂಗ್, ಎರಡು ಆಯಿಲ್ ಸೀಲ್, ಗ್ರೀಸು, ಒಂದು ಬಾಕ್ಸ್ ಸ್ಪಾನರ್. ವಾಷರ್ ಎಷ್ಟು ಎಂದು ಅಂಗಡಿಯವನು ಕೇಳಿದ್ದಕ್ಕೆ, “ಎರಡು ಸಾಕು, ಆದ್ರೂ ನಾಲ್ಕು ಕೊಡಿ, ಇವನೊಟ್ಟಿಗೆ ಹೋಗ್ತಾ ಇದ್ದೇನೆ” ಎಂದ. ಅಂಗಡಿಯವನಿಗೆ ಅರ್ಥವಾಗಲಿಲ್ಲ. ಮೂಡಬಿದ್ರೆಯ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಇದ್ದರೂ ಅವನು ಹಿಂದೆ ಹೋಗಿ ಕೂತ.

ಬೆಳುವಾಯಿಯ ಮನೆಯ ಏರನ್ನು ಮೊಣಕಾಲಿಗೆ ಕೈ ಕೊಟ್ಟು ಹತ್ತಿದೆ. ಅಕ್ಕ ಅಂಗಳದಲ್ಲಿದ್ದರು. ಅವನನ್ನು ಕಂಡು ಅವರ ಮುಖ ಸಣ್ಣದಾಯಿತು. ಮನೆಗೆ ಬಂದವರನ್ನು ಬೇಡ ಎನ್ನುವ ಜನ ಅಲ್ಲ ಅವರು. ಬಾಯಾರಿಕೆಗೆ ತರ್ತೇನೆ ಎಂದು ಒಳಗೆ ತಿರುಗಿದರು.

“ಅಕ್ಕ, ನೀರು ಆಮೇಲೆ. ಮೊದಲು ನನ್ನ ಮಾತು ಕೇಳಿ” ಎಂದೆ. ಎಲ್ಲವನ್ನೂ ಹೇಳಿದೆ. ಯಾಕೆ ಅಷ್ಟು ಅವಸರ ಇತ್ತು ಎಂಬುದನ್ನು ಮಾತ್ರ ನುಂಗಿದ್ದೆ. ಅವನು ಬಿಡಲಿಲ್ಲ.

“ಕೋಳಿಯದ್ದು ಹೇಳು.”

“ಯಾವ ಕೋಳಿ?” ಎಂದರು ಅಕ್ಕ.

ಹೇಳಿದೆ. ಗಂಡನ ಕೈ ಮುರಿದ ವಿಷಯವನ್ನು ಅಲುಗಾಡದೆ ಕೇಳಿದ ಆ ಹೆಂಗಸು ಕೋಳಿ ಅಂಕ ಎಂದ ಕೂಡಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅವರು ಇರುವೆಯನ್ನೂ ದಾಟಿ ಕಾಲಿಡುವವರು. ಅದು ನನ್ನ ತಲೆಗೆ ಹೋಗಿರಲೇ ಇಲ್ಲ.

“ಕಾಲಿಗೆ ಕತ್ತಿ ಕಟ್ಟಿ? ಆ ಕೋಳಿ ಎಂತಾಯ್ತು?”

“ಸತ್ತಿತು ಅಕ್ಕ.”

“ನಿಮ್ಮದಾ, ಅವರದ್ದಾ?”

“ನನ್ನದು.”

“ದೇವರೇ. ಅವರ ಕೈ ಕೂಡಿತು, ಮತ್ತೆ ಜೀಪೂ ಓಡಿಸಿದರು. ಆ ಪ್ರಾಣಿಗೆ ಎಂತ ಉಂಟು? ಇನ್ನು ಅಂಥದ್ದಕ್ಕೆ ಹೋಗುವುದಿಲ್ಲ ಅಂತ ಹೇಳಿ.”

“ಹೋಗದೆ ಆರು ವರ್ಷ ಆಯ್ತು ಅಕ್ಕ.”

“ಮೊಣಕಾಲು ಬಿಡುವುದಿಲ್ಲ, ಅಷ್ಟೇ” ಎಂದ ನನ್ನ ಜೊತೆಗಾರ.

“ಹೋಗುವುದಿಲ್ಲ” ಎಂದೆ. ಮೊಣಕಾಲು ಸರಿಯಾದರೂ ಹೋಗುವುದಿಲ್ಲ ಎಂದು ಸೇರಿಸಿದೆ. ಅಕ್ಕ ಆಮೇಲೆ ಒಳಗೆ ಹೋಗಿ ಬೆಲ್ಲದ ತುಂಡು, ನೀರು ತಂದು ಮೊದಲು ಅವನ ಮುಂದೆ ಇಟ್ಟರು.

“ನಿಮ್ಮನ್ನು ಬೇಡ ಅಂತ ಹೇಳಿದವಳು ನಾನು. ಇವತ್ತು ಬೆಳಿಗ್ಗೆ ಕೂಡ ಹೇಳಿದ್ದೇನೆ. ನಮ್ಮವರು ಇದ್ದಿದ್ದರೆ ಅವರೇ ನಿಮ್ಮ ಹತ್ತಿರ ತಪ್ಪಾಯ್ತು ಅನ್ನುತ್ತಿದ್ದರು. ಅವರ ಲೆಕ್ಕದಲ್ಲಿ ನಾನು ಹೇಳ್ತೇನೆ.”

ಅವನು ಬೆಲ್ಲವನ್ನು ಪೂರ್ತಿ ಬಾಯಿಗೆ ಹಾಕಿಕೊಂಡು, ಮಾತಾಡಲಾಗದ ಹಾಗೆ ಮಾಡಿಕೊಂಡ.

“ಯಾರು ಹಾಕುವುದು ಅಂತ ನೀವೇ ನೋಡಿ” ಎಂದರು ಅಕ್ಕ. “ಸೂರ್ಯ ಮುಳುಗುವ ಮೊದಲು ಮುಗಿಸಿ. ಆಮೇಲೆ ನಮ್ಮಲ್ಲಿ ಊಟ ಇಲ್ಲ. ನೀವು ಉಣ್ಣದೆ ಹೋಗುವ ಹಾಗಿಲ್ಲ.”

“ಎರಡೂ ನಾನೇ” ಎಂದ ಅವನು ಬೆಲ್ಲ ನುಂಗಿ. “ಇವನು ಸಾಮಾನು ಕೊಡ್ಲಿ.”

ಎಡದ ಚಕ್ರದಿಂದಲೇ ಶುರು ಮಾಡಿದ. ಜಾಕ್ ಏರಿಸಿ ಅಡಿಗೆ ಎರಡು ಮರದ ಕುತ್ತಿ, ಎಂದರೆ ದಪ್ಪ ತುಂಡು, ಆನಿಕೆ ಕೊಟ್ಟೆವು. ಚಕ್ರ ಬಂತು, ಮುಚ್ಚಳ ಬಂತು, ಹೊರಗಿನ ನಟ್ಟು ಬಂತು. ಒಳಗಿನ ನಟ್ಟಿಗೆ ಸ್ಪಾನರ್ ಹಾಕಿದವನು ತಿರುಗಿಸದೆ ಹಾಗೆಯೇ ಹಿಡಿದುಕೊಂಡ. ನಾನು ನೋಡದವನ ಹಾಗೆ ಗ್ರೀಸಿನ ಡಬ್ಬಿಯ ಮುಚ್ಚಳ ತೆಗೆಯುತ್ತ ಕೂತೆ. ಅವನು ಸ್ಪಾನರ್ ತೆಗೆದು ನೆಲಕ್ಕಿಟ್ಟ, ಎರಡು ಕೈಯನ್ನೂ ಉಜ್ಜಿಕೊಂಡ, ಮತ್ತೆ ಹಾಕಿದ. ನಟ್ಟು ತಿರುಗಿತು.

ಗುಂಬವನ್ನು ಎಳೆದು ಹಲಗೆಯ ಮೇಲೆ ಮಗುಚಿದ. ಒಳಗಿನ ಬೇರಿಂಗಿನ ಉರುಳೆಗಳು ನೀಲಿಗಟ್ಟಿದ್ದವು, ಅವು ಕೂರುವ ಉಕ್ಕಿನ ಬಳೆಯಲ್ಲಿ ಗುಳಿ ಬಿದ್ದಿತ್ತು. ಆ ಬಳೆಗೆ ನಾವು ಕಪ್ ಎನ್ನುತ್ತೇವೆ. ಹಳೆಯ ಕಪ್ ಹೊರಗೆ ಹೊಡೆದು ಹೊಸದನ್ನು ಒಳಗೆ ಕೂರಿಸುವುದೇ ಈ ಕೆಲಸದ ಕಷ್ಟ. ಒಂದು ಬದಿ ಜಾಸ್ತಿ ಹೊಡೆದರೆ ಓರೆಯಾಗುತ್ತದೆ. ಅವನು ಹೊಸದರ ಮೇಲೆ ಹಳೆಯ ಕಪ್ಪನ್ನೇ ಇಟ್ಟು ಸುತ್ತಲೂ ಮೆಲ್ಲಗೆ ತಟ್ಟುತ್ತ ಹೋದ. ಮೊದಲು ಟಣ ಟಣ ಎಂದು ಕೇಳುತ್ತಿತ್ತು. ಕಪ್ ತಳ ಮುಟ್ಟಿದ ಕೂಡಲೇ ಸದ್ದು ದಪ್ಪಗಾಯಿತು. ಅವನು ತಲೆ ಎತ್ತಿ ನನ್ನನ್ನು ನೋಡಿದ. ಕಲ್ಲಡ್ಕದಲ್ಲಿ ನಿಜ ಹೇಳಿದ ಮೇಲೆ ಅವನು ನನ್ನನ್ನು ಸಿಟ್ಟಿಲ್ಲದೆ ನೋಡಿದ್ದು ಅದೇ ಮೊದಲು. ಅದು ನನಗಾಗಿ ಅಲ್ಲ, ಆ ಸದ್ದಿಗಾಗಿ. ನನಗೆ ಅಷ್ಟೇ ಸಾಕಿತ್ತು.

ಬೇರಿಂಗಿಗೆ ಗ್ರೀಸು ತುಂಬುವುದನ್ನು ನನಗೆ ಕೊಟ್ಟ. ಅಂಗೈಯಲ್ಲಿ ಗ್ರೀಸು ಇಟ್ಟು, ಆಚೆ ಬದಿಯಿಂದ ಹೊರಗೆ ಬರುವ ತನಕ ಉರುಳೆಗಳ ನಡುವೆ ಒತ್ತಬೇಕು. ತುಂಬಿ ಕೊಟ್ಟರೆ, ಬೆಳಕಿಗೆ ಹಿಡಿದು ನೋಡಿ ವಾಪಸು ಕೊಟ್ಟ.

“ಇಲ್ಲಿ ಖಾಲಿ ಉಂಟು. ಇವತ್ತು ಯಾವ ಕೋಳಿ ಕಾಯ್ತಾ ಉಂಟು?”

ಮತ್ತೆ ತುಂಬಿದೆ. ಅಡಿಗೆ ಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕನಿಗೆ ನಗು ಬಂತು.

ನಟ್ಟು ಬಿಗಿಯುವಾಗ ಅವನು ಕಣ್ಣು ಮುಚ್ಚಿಕೊಂಡ. ಒಂದು ಕೈಯಿಂದ ಗುಂಬವನ್ನು ತಿರುಗಿಸುತ್ತ ಇನ್ನೊಂದರಿಂದ ಬಿಗಿದ. ಗುಂಬ ಹಿಡಿದುಕೊಂಡಿತು. ಸ್ವಲ್ಪ ಹಿಂದಕ್ಕೆ ಬಿಟ್ಟ. ಹೊಸ ವಾಷರ್, ಎರಡನೆಯ ನಟ್ಟು. ಕಿವಿ ಮಡಚಿ, “ನೋಡು” ಎಂದ. ಬಗ್ಗಿ ನೋಡಿದೆ. “ನೋಡಿದೆಯಾ?” ಎಂದ. “ನೋಡಿದೆ, ಮಡಚಿ ಉಂಟು” ಎಂದು ಅಕ್ಕನಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದೆ. ಬಲದ್ದಕ್ಕೂ ಹೀಗೆಯೇ. ಈ ಸಲ ಅವನು ಸ್ಪಾನರನ್ನು ನೆಲಕ್ಕಿಡಲಿಲ್ಲ. ಎರಡನೆಯ ಚಕ್ರಕ್ಕೆ ಮೊದಲನೆಯದರ ಅರ್ಧ ಸಮಯವೂ ಬೇಕಾಗಲಿಲ್ಲ.

ಅಕ್ಕ ತಾವೇ ಜೀಪು ಹತ್ತಿದರು. ಅವನು ಪಕ್ಕದಲ್ಲಿ ಕೂತ, ನಾನು ಹಿಂದೆ. ಏರು ಇಳಿದು, ಬೆಳುವಾಯಿ ಪೇಟೆ ದಾಟಿ, ಮೂಡಬಿದ್ರೆಯ ರಸ್ತೆಯಲ್ಲಿ ಸಾಕಷ್ಟು ದೂರ ಹೋಗಿ ತಿರುಗಿಸಿದೆವು. ಗೊಂಯ್ ಎನ್ನುವ ಶಬ್ದ ಹೋಗಿತ್ತು. ಅಂಗಳಕ್ಕೆ ಬಂದು ನಿಂತ ಮೇಲೆ ಅವನು ಇಳಿದು ಎಡದ ಚಕ್ರದ ಗುಂಬಕ್ಕೆ ಅಂಗೈ ಇಟ್ಟ. ಬೇರಿಂಗ್ ಬಿಗಿಯಾಗಿದ್ದರೆ ಕೈ ಇಡಲಾಗದಷ್ಟು ಸುಡುತ್ತದೆ. ಆಮೇಲೆ ಬಲಕ್ಕೆ ಹೋಗಿ ಇಟ್ಟ. ಅಲ್ಲಿಂದ ಕೈ ತೆಗೆಯಲೇ ಇಲ್ಲ.

“ಬಿಸಿ ಉಂಟಾ?” ಎಂದರು ಅಕ್ಕ.

“ಇಲ್ಲ ಅಕ್ಕ. ಉಗುರು ಬೆಚ್ಚಗೆ. ಹೀಗೇ ಇರಬೇಕು.”

ಸೂರ್ಯ ಇನ್ನೂ ಮರದ ಮೇಲಿದ್ದ. ಅಕ್ಕ ಎಲೆ ಹಾಕಲು ಒಳಗೆ ಹೋದರು. ಅವನು ಗ್ರೀಸಿನ ಕೈಯನ್ನು ಬಟ್ಟೆಯಲ್ಲಿ ಒರೆಸಿಕೊಂಡು ಕಿಸೆಯಿಂದ ಫೋನ್ ತೆಗೆದ. ಯಾರಿಗೋ ಮಾಡಿದ.

“ಹಲೋ, ಕಲ್ಲಡ್ಕದಿಂದ ಪಂಕ್ಚರಿನವ. ಮೊನ್ನೆ ನೀವು ಮುಂದಿನ ಬೇರಿಂಗ್ ಕೇಳಿದ್ದಿರಲ್ಲ, ನಾನು ಮಾಡುವುದಿಲ್ಲ ಅಂತ ಹೇಳಿದ್ದೆ. ಬೇರೆ ಕಡೆ ಕೊಟ್ಟಾಯ್ತಾ? ಇಲ್ಲಾಂದ್ರೆ ನಾಳೆ ತನ್ನಿ. ಹಾಂ, ನಾನೇ ಮಾಡ್ತೇನೆ. ಇಲ್ಲ ಇಲ್ಲ, ಬೇರೆ ಯಾರೂ ಇಲ್ಲ. ನಾನೇ.”

ನಾನು ಕೈ ತೊಳೆಯುವ ನೆಪದಲ್ಲಿ ಬಾವಿಕಟ್ಟೆಯ ಕಡೆ ಹೋದೆ. ಗ್ರೀಸು ಬೇಗ ಹೋಗುವುದಿಲ್ಲ, ಬಹಳ ಹೊತ್ತು ಬೇಕಾಯಿತು. ಒಳಗಿನಿಂದ ಅಕ್ಕ ಊಟಕ್ಕೆ ಕರೆದರು. ಅವನು ಹೊಸ್ತಿಲಲ್ಲಿ ನಿಂತು, “ಬಾ ಮಾರಾಯ, ಕತ್ತಲಾದ್ರೆ ಇಲ್ಲಿ ಅನ್ನ ಇಲ್ಲ” ಎಂದು ಕೂಗಿದ. ನನಗೆ ಬೆಳಗಿನಿಂದ ಹಸಿವೇ ಆಗಿರಲಿಲ್ಲ. ಆ ಕೂಗು ಕೇಳಿದಾಗ ಆಯಿತು.